ಮೋತಿಯಾಳ ಕಾಲು, ನಸ್ರೀನಳ ಕಾಲ್ಗುಣ

ಚಿದ್ರಿ, ಬೀದರ
೧೨-೯-೨೦೨೫

ಪ್ರೀತಿಯ ಮಗಳು ನಸ್ರೀನಳಿಗೆ ನಿನ್ನ ಶರಫೋದ್ದೀನ ಮಾಮುವಿನ ಸಲಾಮು.

ಫೋನಿನಲ್ಲಿ ನೀನು ಬರೀ ಹೂಂ ಅನ್ನುತ್ತೀ, ಹಿಂದಿನಿಂದ ನಿನ್ನ ಅಮ್ಮಿ ಅಳುವುದು ಕೇಳುತ್ತದೆ. ಅದಕ್ಕೇ ಈ ಕಾಗದ. ಕನ್ನಡದಲ್ಲೇ ಬರೆದಿದ್ದೇನೆ, ನಿನ್ನ ಅಮ್ಮಿಗೆ, ಅಂದರೆ ನನ್ನ ಅಕ್ಕ ಫಕ್ರುನ್ನಿಸಾ ಆಪಾಗೆ ಓದಲು ಬಾರದಿರಲಿ ಎಂದು. ಔರಾದ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ನನ್ನ ಅಕ್ಷರವನ್ನು ಮಾಸ್ತರರು ಹೆಡ್‌ಮಾಸ್ತರರಿಗೆ ಒಯ್ದು ತೋರಿಸಿದ್ದರು. ಬಯ್ಯಿಸಲಿಕ್ಕೆ ತೋರಿಸಿದ್ದು ಎಂದು ನಿನ್ನ ಅಮ್ಮಿ ಹೇಳುತ್ತಾಳೆ. ನಂಬಬೇಡ.

ಮೊದಲು ಒಳ್ಳೆಯ ಸುದ್ದಿ. ಮೋತಿಯಾ ನಡೆಯುತ್ತಿದೆ.

ಭಾಲ್ಕಿಯಿಂದ ಟೆಂಪೋದಲ್ಲಿ ತಂದಾಗ ಅದು ಮುಂದಿನ ಎಡಗಾಲು ಊರುತ್ತಿರಲಿಲ್ಲ. ನಿನ್ನ ಗಂಡನ ಮನೆಯವರು ಮದುವೆ ಬಾರಾತಿನ ಮೆರವಣಿಗೆಗೆ ಬಾಡಿಗೆ ಕೊಡುವ ಕುದುರೆ, ನಿನ್ನ ಮದುವೆಯ ಬಾರಾತಿನಲ್ಲೇ ಕುಂಟಿತು. 'ಸೊಸಿ ಹೊಸ್ತಿಲ ದಾಟೂಕಿಂತ ಮೊದ್ಲ ಆಕಿ ಕಾಲ್ಗುಣ ಕುದರಿ ಕಾಲಾಗ ಹೊಕ್ಕದ' ಎಂದು ನಿನ್ನ ಅತ್ತೆ ವಜೀರಬೀ ಅಂದರು, ಓಣಿಯೆಲ್ಲ ಅದನ್ನೇ ಅಂದಿತು. ಮಳೆಗಾಲದಲ್ಲಿ ಕುಂಟು ಹೆಚ್ಚಾಯಿತು. ನಿನ್ನನ್ನು ತವರಿಗೆ, ಔರಾದಿಗೆ ಕಳಿಸಿದರು, ಕುದುರೆಯನ್ನು ಮಾರಲು ಕೂತರು. ಬೀದರದಲ್ಲಿ ಟಾಂಗಾ ಇರುವ ತನಕ ಟಾಂಗಾ ಹೊಡೆದವನು ನಾನು, ಸುಮ್ಮನಿರಲಾದೀತೆ? 'ನನ್ನ ಕೈಗೆ ಕೊಡ್ರಿ, ನೆಟ್ಟಗ ಮಾಡಿ ತೋರಸ್ತೇನಿ' ಅಂದೆ. ಕುದುರೆಯ ಕಾಲು ನೆಟ್ಟಗಾದ ದಿನ ನಿನ್ನ ಕಾಲಿನ ಮೇಲಿನ ಮಾತೂ ಹೋಗುತ್ತದೆ, ನಿನ್ನ ಗಂಡ ಫಿರೋಜ ತಾನೇ ಬಂದು ಕರೆದೊಯ್ಯುತ್ತಾನೆ ಎಂದು ನಿನಗೂ ಹೇಳಿಬಿಟ್ಟೆ.

ಕಾಲೆತ್ತಿ ನೋಡಿದೆ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗವೊಂದಿರುತ್ತದೆ, ನಾವು ಟಾಂಗಾದವರು ಪುತಲಿ ಅನ್ನುತ್ತೇವೆ. ಅದರ ಪಕ್ಕದ ಸಂದಿಗಳಲ್ಲಿ ಕರೀ ರಾಡಿ. ಬೆರಳಿಗೆ ಹತ್ತಿದ್ದನ್ನು ಮೂಸಿದೆ, ಆ ದಿನ ಊಟ ಸೇರಲಿಲ್ಲ. ಒತ್ತಿದರೆ ಮೋತಿಯಾ ಕಾಲು ಕಿತ್ತುಕೊಂಡಿತು. ಪುತಲಿ ಕೊಳೆತು ಚಿಂದಿಯಾಗಿತ್ತು.

ಇಷ್ಟು ದಿನ ಯಾರಿಗೂ ಯಾಕೆ ಕಾಣಲಿಲ್ಲ ಗೊತ್ತೇ? ನಿನ್ನ ಅತ್ತೆಯ ಶೋಕಿ. ಕುದುರೆ ಕುಣಿದು ಕಾಲೆತ್ತಿದಾಗ ವಿಡಿಯೋದಲ್ಲಿ ಅಡಿಯೂ ಕೆಂಪಗೆ ಕಾಣಬೇಕು. ಅದಕ್ಕೆ ಪ್ರತಿ ಬಾರಾತಿನ ಮುಂಚೆ ಗೊರಸಿನ ಅಡಿಗೆ ಹಸಿ ಮೆಹಂದಿ ಮೆತ್ತಿ, ಒದ್ದೆ ಗೋಣಿತಟ್ಟು ಕಟ್ಟಿ, ಉಚ್ಚೆ ಲದ್ದಿಯ ಮೇಲೆಯೇ ನಿಲ್ಲಿಸುತ್ತಿದ್ದರು. ಮೆಹಂದಿಯ ಬಣ್ಣದಲ್ಲಿ ಕಪ್ಪು ಮುಚ್ಚಿತು, ಅದರ ವಾಸನೆಯಲ್ಲಿ ನಾತ ಮುಚ್ಚಿತು. ಮಗನ ಮದುವೆಗೆ ಇನ್ನಷ್ಟು ದಪ್ಪಗೆ ಮೆತ್ತಿದ್ದರು.

ದನದ ಡಾಕ್ಟರರನ್ನು ಕರೆಸಿದೆ. ಕೊಳೆತದ್ದಷ್ಟನ್ನೇ ಕೊರೆದು ತೆಗೆದರು. ಆಮೇಲೆ ಅವರು ಹೇಳಿದ್ದೆಲ್ಲ ನಾನು ಹೇಳಬೇಕೆಂದಿದ್ದದ್ದೇ, ಅವರು ಮೊದಲು ಬಾಯಿ ಬಿಟ್ಟರು ಅಷ್ಟೆ. ದಿನಾ ಸಂದಿ ಕೆರೆದು, ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರಸಿ, ನೀರು ಬೆರೆಸಿದ ಅಯೋಡಿನ್ನಿನಲ್ಲಿ ಅದ್ದಿದ ಹತ್ತಿ ತುಂಬಬೇಕು. ಮೈಲುತುತ್ತ ಬಡಿಯಲೇ ಎಂದು ಕೇಳಿದೆ. 'ಕಡಕ್ ಹಚ್ಚಿದ್ರ ಛಲೋ ಇದ್ದದ್ದೂ ಸುಟ್ಟ ಹೋಗ್ತದ, ನಿಮ್ಮ ಶಾಣ್ಯಾತನ ಟಾಂಗಾಕ್ಕ ಇಟ್ಕೊಳ್ರಿ' ಎಂದು ಗದರಿದರು. ಮದ್ದಿಗಿಂತ ನಿಲ್ಲುವ ಜಾಗ ಒಣಗಿರುವುದು ದೊಡ್ಡದಂತೆ. ನನ್ನ ಮನೆಯಲ್ಲಿ ಸೋರದ ಕೋಣೆ ಒಂದೇ, ನಾನು ಮಲಗುವುದು. ಈಗ ಅಲ್ಲಿ ಮೋತಿಯಾ ಇರುತ್ತದೆ, ನಾನು ಸೋರುವಲ್ಲಿ ಮಲಗುತ್ತೇನೆ. ಲದ್ದಿ ಬಿದ್ದ ಕೂಡಲೇ ಎತ್ತುತ್ತೇನೆ, ಮಳೆ ಬಿಟ್ಟಾಗ ಒಣ ದಾರಿ ಹಿಡಿದು ನೌಬಾದ ತನಕ ನಡೆಸುತ್ತೇನೆ. ಹೊಸ ಪುತಲಿ ರಬ್ಬರಿನ ಹಾಗೆ ಗಟ್ಟಿಯಾಗಿ ಬಂದಿದೆ. ಇನ್ನು ಮುಂದೆ ದಿನವೂ ಕಾಲೆತ್ತಿ ನೋಡುವವರಿದ್ದರೆ ಸಾಕು.

ನಿನ್ನೆ ಭಾಲ್ಕಿಯವರು ಬಂದಿದ್ದರು, ವಜೀರಬೀ ಮತ್ತು ಫಿರೋಜ. ನಾನು ಎದೆ ಉಬ್ಬಿಸಿ ಗೊರಸು ತೋರಿಸಿದೆ, ಮೆಹಂದಿಯ ಕಥೆಯನ್ನೂ ಹೇಳಿದೆ. ಮೋತಿಯಾ ಅಂಗಳದಲ್ಲಿ ಸುತ್ತು ಹಾಕಿತು. 'ಖರೇ ಅದ ಭಾಯಿ, ನೆಟ್ಟಗ ಆಗ್ಯದ' ಅಂದರು ನಿನ್ನ ಅತ್ತೆ. ಇದೇ ಹೊತ್ತು ಎಂದು ನಿನ್ನ ಹೆಸರೆತ್ತಿದೆ. ಅದಕ್ಕೆ ಅವರು ಹೇಳಿದ್ದು, 'ಆಗಲೇಬೇಕಲ್ಲರಿ. ಆಕಿ ಮನಿ ಬಿಟ್ಟಳು, ಕುದರಿ ಕಾಲ ಊರ್ತು.' ಫಿರೋಜ ಕುದುರೆಯ ಬೆನ್ನು ತಟ್ಟುತ್ತ ನಿಂತಿದ್ದ.

ನಾನು ಕೆರೆದದ್ದು, ಒರಸಿದ್ದು, ಹತ್ತಿ ತುಂಬಿದ್ದು ಎಲ್ಲವೂ ನಿನ್ನ ವಿರುದ್ಧವೇ ಸಾಕ್ಷಿಯಾಗಿ ಹೋಯಿತಲ್ಲ ಮಗಳೇ. ಸೋರುವಲ್ಲಿ ಮಲಗಿದ್ದು ಇದಕ್ಕಾಗಿ.

ಶಾದಿ ಸೀಜನ್ ಬಂತು, ಕುದುರೆ ಕೊಡಿ ಎಂದರು. ಇನ್ನೂ ಕುಂಟುತ್ತದೆ ಎಂದೆ. ಅವರ ಕಣ್ಣೆದುರೇ ಅದು ಓಡುತ್ತಿತ್ತು. ಆದರೂ ಅಂದೆ. ಬೈದುಕೊಂಡು ಹೋದರು.

ಆಪಾಗೆ ಇಷ್ಟೇ ಓದಿ ಹೇಳು: ಕುದುರೆಗೆ ವಾಸಿಯಾಗಿದೆ, ತಮ್ಮ ಆರಾಮಿದ್ದಾನೆ.

ಬೀದರದ ಟಾಂಗಾ ಬಾದಶಹ,
ನಿನ್ನ ಮಾಮು ಶರಫೋದ್ದೀನ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. 'ಆಕಿ ಮನಿ ಬಿಟ್ಟಳು' ಎಂದದ್ದು ನಿನ್ನ ಅತ್ತೆಯಲ್ಲ, ಫಿರೋಜ. ನಗುತ್ತ ಅಂದ. ಅತ್ತೆ ನೆಲ ನೋಡಿದರು. ಅವನು ಕರೆಯಲು ಬರುತ್ತಾನೆಂದು ನೀನು ಬಟ್ಟೆಯ ಪೆಟ್ಟಿಗೆ ಕಟ್ಟಿಟ್ಟಿದ್ದೀಯಂತೆ, ಆಪಾ ಹೇಳಿದಳು. ಅದನ್ನು ತೆಗೆದುಕೊಂಡು ಚಿದ್ರಿಗೆ ಬಾ. ಮೋತಿಯಾಳ ಲಗಾಮು ಹಿಡಿದು ನೌಬಾದ ತನಕ ನೀನೇ ನಡೆ. ಕುಂಟುತ್ತದೋ ಇಲ್ಲವೋ, ನೋಡುವವರು ನೋಡಲಿ.