ದೊರೆಲ್ ಬಸ್ಸು ನಿಲ್ಲಿಸಿದ್ದು

ಹಳ್ಳದ ಕೇರಿ, ದೆಯಾಲು ಮಿಕ್
ನವೆಂಬರ್ ೧೭

ನನ್ನ ಮುದ್ದು ತಂಗಿ ಪರ್ಸಿದಾ,

ನಿನ್ನ ಕಾಗದ ಬಂದಾಗ ಪ್ಲಮ್ ಹಣ್ಣಿನ ಕಾಲ. ಈಗ ಎಲೆಕೋಸು ಉಪ್ಪಿಗೆ ಹಾಕುವ ಹೊತ್ತಾಯಿತು, ಇವತ್ತು ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ ಕಣೇ. ಸ್ಪೇನಿನ ತೋಟದಲ್ಲಿ ಪೀಚ್ ಹಣ್ಣು ಕಿತ್ತು ಕಿತ್ತು ಕೈ ಒಡೆದಿದೆ ಅಂತ ಬರೆದಿದ್ದೆಯಲ್ಲ, ಹಂದಿ ಕೊಬ್ಬು ಸವರಿಕೋ. ನಾವೆಲ್ಲ ಆರೋಗ್ಯ. ನಮ್ಮತ್ತೆಯ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೇ ಚುರುಕು.

ದೊಡ್ಡ ಸುದ್ದಿ ನಮ್ಮ ಕ್ರಿನಾಳದು. ಮನೆಯಲ್ಲೇ ಕೂತು ಓದಿ ಪರೀಕ್ಷೆ ಕಟ್ಟಿದ್ದಳಲ್ಲ, ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿ ತರಬೇತಿಗೆ ಸೇರಿಸಿಕೊಂಡರು. ಪಾಸಾದರೆ ಅಲ್ಲೇ ಕೆಲಸ. ಪೊರಕೆ ಕಟ್ಟದೆ, ಕೂಲಿಗೆ ಹೋಗದೆ ಸಂಬಳ ತರುವ ಹುಡುಗಿ ನಮ್ಮ ಕೇರಿಯಲ್ಲಿ ಇವಳೇ ಮೊದಲು. "ನಮ್ಮ ಕುಲದವರಲ್ಲದ ಗಾಜೆಗಳು ತಮ್ಮ ಕೂಸನ್ನ ನಮ್ಮ ರೋಮಾ ಹುಡುಗಿ ಕೈಗೆ ಕೊಡ್ತಾರೇನೇ?" ಅಂದರು ಅತ್ತೆ. "ಕೂಸಿಗೆ ಅದೆಲ್ಲ ಗೊತ್ತಾಗಲ್ಲ ಅಜ್ಜಿ, ಕೈ ಬೆಚ್ಚಗಿದ್ರೆ ಸಾಕು" ಅಂದಳು ಇವಳು.

ತೊಂದರೆ ಬಸ್ಸಿನದು. ಡ್ರೈವರ್ ದೊರೆಲ್ ನಮ್ಮ ಕೇರಿಯ ತಿರುವಿನಲ್ಲಿ ಬಸ್ಸು ನಿಲ್ಲಿಸುತ್ತಲೇ ಇರಲಿಲ್ಲ, ನಿನಗೆ ಗೊತ್ತು. ಕೈ ಅಡ್ಡ ಹಿಡಿದರೂ ಮುಖ ಆ ಕಡೆ ತಿರುಗಿಸಿ ಹೋಗಿಬಿಡುತ್ತಿದ್ದ. ಹಾಗಾಗಿ ಇವಳು ಬೆಳಗಿನ ಮಂಜಿನಲ್ಲಿ, ಡಾಂಬರು ರಸ್ತೆಯ ಅಂಚು ಹಿಡಿದು, ಊರೊಳಗಿನ ಚರ್ಚಿನ ತನಕ ನಡೆಯಬೇಕಿತ್ತು. ತಡವಾಗಿ ಹೋಗಿ ಬೈಸಿಕೊಂಡಳು ಕೂಡ. ಇನ್ನೊಮ್ಮೆ ತಡವಾದರೆ ಬರಲೇಬೇಡ ಅಂದರಂತೆ.

ಒಂದು ದಿನ ಮನೆಗೆ ಬಂದವಳು ಶಾಲು ಬಿಚ್ಚುತ್ತಾ ಹೇಳಿದಳು, "ಅಮ್ಮಾ, ಬೆಳಿಗ್ಗೆ ನನ್ನ ಜೊತೆ ಒಬ್ಬಳು ನಡೀತಾಳೆ."

"ಯಾರೇ?"

"ಗೊತ್ತಿಲ್ಲ. ನನ್ನನ್ನ ಹುಲ್ಲಿನ ಕಡೆ ಬಿಟ್ಟು ತಾನು ರಸ್ತೆ ಕಡೆ ನಡೀತಾಳೆ. ಲಾರಿ ಬಂದ್ರೆ ಮೊಣಕೈ ಹಿಡಿದು ಸರಿಸ್ತಾಳೆ. ಕೈ ತುಂಬಾ ತಣ್ಣಗಿರುತ್ತೆ. ಮಾತಾಡ್ಸಿದ್ರೆ ಮಾತಿಲ್ಲ."

"ಮುಖ?"

"ಮಂಜಲ್ವಾ? ಸರಿಯಾಗಿ ಕಾಣಲ್ಲ. ನನಗಿಂತ ಚಿಕ್ಕವಳು, ಅಷ್ಟೇ."

ನಾನು ಒಲೆಯ ಕಡೆ ತಿರುಗಿ ಜೋಳದ ಅಂಬಲಿ ಕಲಕತೊಡಗಿದೆ. ತಳ ಹತ್ತಿದ ವಾಸನೆ ಬಂದರೂ ಕಲಕುತ್ತಲೇ ಇದ್ದೆ.

ಅದಾಗಿ ಒಂದು ವಾರಕ್ಕೆ ದೊರೆಲ್ ನಮ್ಮ ಬಾಗಿಲಿಗೇ ಬಂದ! ಕೈಯಲ್ಲಿ ಟೋಪಿ, ಮುಖ ಬೂದಿಯ ಹಾಗೆ. ಕೂರು ಅಂದರೂ ಕೂರಲಿಲ್ಲ.

"ನಿಮ್ಮ ತಿರುವಲ್ಲಿ ಒಂದು ಹುಡುಗಿ ನಡುರಸ್ತೆಗೇ ಬಂದು ನಿಂತಳಮ್ಮ. ಬೆನ್ನಿಗೆ ಶಾಲೆ ಚೀಲ. ಬ್ರೇಕ್ ಒತ್ತಿದೆ, ಆದ್ರೂ ಬಸ್ಸು ಅವಳ ಮೇಲೇ ಹೋಯ್ತು. ಇಳಿದು ನೋಡಿದ್ರೆ ಚಕ್ರದಡಿ ಏನೂ ಇಲ್ಲ. ಪಕ್ಕದಲ್ಲಿ ನಿಮ್ಮ ಕ್ರಿನಾ ಒಬ್ಬಳೇ ನಿಂತಿದ್ಲು." ಬಾಗಿಲು ತೆರೆದಿತ್ತಲ್ಲ, ಅವತ್ತು ಹೊರಡುವುದೇ ತಡವಾಗಿದ್ದ ಇವಳು ಹತ್ತಿ ಕೂತಳಂತೆ.

"ಮಾರನೆ ದಿನವೂ ಆ ಹುಡುಗಿ ಅಡ್ಡ ನಿಂತಿದ್ಲು" ಅಂದ. "ಇನ್ಮೇಲೆ ನಾನೇ ನಿಲ್ಲಿಸ್ತೀನಿ. ಅಡ್ಡ ಬರಬೇಡ ಅಂತ ಅವಳಿಗೊಂದು ಮಾತು ಹೇಳಿ."

ಕಿವಿ ಕೇಳದ ಅತ್ತೆಗೆ ಇದು ಕೇಳಿಸಿತು ನೋಡು. "ನೀನೇ ಹೇಳಪ್ಪಾ. ಅವಳು ಬಂದಿದ್ದು ನಿನ್ನ ಮುಂದೆ ತಾನೇ?" ಅಂದರು. ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಈಗ ಬಸ್ಸು ದಿನವೂ ನಿಲ್ಲುತ್ತದೆ. ಕ್ರಿನಾ ಜೊತೆ ಕೇರಿಯ ನಾಲ್ಕೈದು ಮಕ್ಕಳೂ ದೊಡ್ಡ ಶಾಲೆಗೆ ಹೊರಟಿದ್ದಾರೆ. ಮೊನ್ನೆ ಇವಳು ಆಗ ತಾನೇ ಹುಟ್ಟಿದ ಕೂಸನ್ನು ಒರೆಸಿ ತಾಯಿಯ ಕೈಗೆ ಕೊಟ್ಟಳಂತೆ. ಮಂಜಿನಲ್ಲಿ ಜೊತೆಗೆ ಬರುತ್ತಿದ್ದವಳು ಮತ್ತೆ ಬಂದಿಲ್ಲ.

ದೇವರು ನಿನಗೆ ಅದೃಷ್ಟ ಕೊಡಲಿ, ಮೈಯಲ್ಲಿ ಬಲ ಕೊಡಲಿ, ನಿನ್ನ ಮಕ್ಕಳ ತಟ್ಟೆ ಯಾವತ್ತೂ ಬರಿದಾಗದಿರಲಿ.

ನಿನ್ನ ಅಕ್ಕ,
ಸಫ್ತಾ

ತಾ.ಕ.: ಮೇಲೆ ಅವಳ ಹೆಸರು ಬರೆಯಲು ಕೈ ಬರಲಿಲ್ಲ. ನೀನು ಊಹಿಸಿರುತ್ತೀಯ. ನಮ್ಮ ದೊಡ್ಡವಳು, ಝಂಫೀರಾ. ದೊರೆಲ್ ನಿಲ್ಲಿಸದೆ ಹೋದ ಆ ಬೆಳಿಗ್ಗೆ, ಶಾಲೆಗೆ ನಡೆದು ಹೋಗುವಾಗ ಲಾರಿಗೆ ಸಿಕ್ಕವಳು. ಕ್ರಿನಾ ಆಗ ತೊಟ್ಟಿಲಲ್ಲಿದ್ದಳು, ಅಕ್ಕನ ಗುರುತು ಅವಳಿಗೆಲ್ಲಿಂದ ಬರಬೇಕು? ತಂಗಿಗೆ ಕಂಡಳು, ದೊರೆಲ್‌ಗೂ ಕಂಡಳು. ನಾನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ತಿರುವಿನಲ್ಲಿ ನಿಲ್ಲುತ್ತೇನೆ. ಮಕ್ಕಳೆಲ್ಲ ಹತ್ತಿದ ಮೇಲೆ, "ನನ್ನ ಪಕ್ಕ ಯಾರಾದ್ರೂ ಇದಾರಾ, ನೋಡಿ ಹೇಳಪ್ಪಾ" ಅಂತ ದೊರೆಲ್‌ನ ಕೇಳುತ್ತೇನೆ. ಅವನು ಬಹಳ ಹೊತ್ತು ನೋಡುತ್ತಾನೆ. "ಇಲ್ಲ ತಾಯಿ" ಅನ್ನುತ್ತಾನೆ.