ನಿನ್ನ ಪಟ್ಟಿಯಿಂದ ತೆಗೆದದ್ದು

ತಂಗಿ ಸರ್ವಮಂಗಳಾ,

ಎಂ.ಸಿ.ಸಿ. ಬಡಾವಣೆಯ ನಿನ್ನ ಗಣಕ ತರಬೇತಿ ಕೇಂದ್ರದ ಮುಂಗೋಣೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಪರೀಕ್ಷೆ ನಡೆಯುತ್ತಿದೆ, ನೀನು ತೀರಿಕೊಂಡ ಮೇಲಿನ ಮೊದಲನೆಯದು. ಗಣಕಗಳು ಕೈಕೊಟ್ಟರೆ ವಿದ್ಯಾರ್ಥಿಗಳ ವರ್ಷ ಹಾಳಾಗುತ್ತದೆ, ಕೇಂದ್ರದ ಮಾನ್ಯತೆಯೂ ಹೋಗುತ್ತದೆ. ಕೀಲಿಮಣೆಗಳ ಸದ್ದು ಕ್ಷಣಕಾಲ ನಿಂತರೂ ಬರೆಯುವುದನ್ನು ಬಿಟ್ಟು ಬಾಗಿಲತ್ತ ನೋಡುತ್ತೇನೆ.

ನೀನು ಆ ಫ್ಲಾಪಿಯನ್ನು ಮೊದಲು ತೋರಿಸಿದ ದಿನ ನೆನಪಾಗುತ್ತದೆ. "ಅಣ್ಣ, ಇದರಾಗೆ ಒಂದು ಮಾದರಿ ಕಡತ ಐತೆ. ಯಾವ್ಯಾವ ತಂತ್ರಾಂಶದ ಪ್ಯಾಕೇಜು ಬೇಕು ಅಂತ ಪಟ್ಟಿ ಬರೆದೀನಿ. ಕಂಪ್ಯೂಟರಿಗೆ ಹಾಕಿದ್ರೆ ಸಾಕು, ಹಳೇದನ್ನೆಲ್ಲ ಅಳಿಸಿ ಕಂಪ್ಯೂಟರ್ ನಡೆಸೋ ಲಿನಕ್ಸನ್ನ ತಾನೇ ಹಾಕ್ಕೊಳ್ತೈತೆ. ಯಾರನ್ನೂ ಏನೂ ಕೇಳಲ್ಲ" ಎಂದಿದ್ದೆ. ಕೇಳದೆಯೇ ಅಳಿಸುವ ಯಂತ್ರವನ್ನು ನಂಬುವುದಾದರೂ ಹೇಗೆ ಎಂದು ನಾನು ಗಾಬರಿಯಾದಾಗ ನೀನು ನಕ್ಕುಬಿಟ್ಟೆ: "ನಿನ್ನಂಗೆ ಹೆಜ್ಜೆಗೊಂದು ಪ್ರಶ್ನೆ ಕೇಳಿದ್ರೆ ಸಂಜೆಗೂ ಮುಗಿಯಲ್ಲ ಬಿಡು!"

ಕಳೆದ ವಾರ, ಪರೀಕ್ಷೆಗೆ ಲಿನಕ್ಸಿನ ಹೊಸ ಆವೃತ್ತಿಯೇ ಇರಬೇಕೆಂದು ಪರೀಕ್ಷಾ ಮಂಡಳಿಯವರು ತಿಳಿಸಿದರು. ಸುದ್ದಿ ತಿಳಿದು ಹರಿಹರದಿಂದ ಬಸ್ಸು ಹತ್ತಿ ಬಂದೆ. ನಿನ್ನ ಶಿಷ್ಯೆಯಾಗಿ ಬಂದು ಇಲ್ಲಿಯೇ ಪಾಠ ಹೇಳುತ್ತಿರುವ ನಸೀಮ್ ಬಾನು, ಹೊಸ ಸಿ.ಡಿ.ಯನ್ನೂ ನಿನ್ನ ಫ್ಲಾಪಿಯನ್ನೂ ಒಂದು ಗಣಕಕ್ಕೆ ಹಾಕಿದಳು. ಕೆಲಸ ಅರ್ಧಕ್ಕೇ ನಿಂತಿತು. ಹಳೆಯದು ಅಳಿದಿತ್ತು, ಹೊಸದು ಬಂದಿರಲಿಲ್ಲ. "ಡಿಸ್ಕಿನಾಗೆ ಜಾಗ ಸಾಲವಲ್ದು ಮೇಷ್ಟ್ರೆ. ಹೊಸದ್ರಾಗೆ ಪ್ಯಾಕೇಜೆಲ್ಲ ದಪ್ಪ ಆಗ್ಯಾವೆ. ಮೇಡಂ ಪಟ್ಟಿ ಕತ್ತರಿಸ್ಬೇಕ್ರಿ" ಎಂದಳು.

ಕತ್ತರಿಸುವುದೇ? ಮಲೆಬೆನ್ನೂರಿನ ಅಕ್ಕಿ ಗಿರಣಿಯ ಗುಮಾಸ್ತ ಲೆಕ್ಕ ಮಾಡುವ ತಂತ್ರಾಂಶ ಕೇಳಿದ್ದ, ನೀನು ಸೇರಿಸಿದೆ. ಬಾತಿಯ ಹೆಣ್ಣುಮಗಳು ಕಸೂತಿಯ ಚಿತ್ತಾರ ಬಿಡಿಸಬೇಕೆಂದಳು, ಅದನ್ನೂ ಸೇರಿಸಿದೆ. ನೀನು ಯಾರಿಗೂ ಇಲ್ಲವೆಂದವಳಲ್ಲ. ನೀನು ಒಪ್ಪಿ ಸೇರಿಸಿದ್ದನ್ನು ಅಳಿಸಲು ನಾನು ಯಾರು?

"ಆಟಗಳನ್ನ ತೆಗೀಲಾ?"

"ತೆಗೆಯಮ್ಮ."

"ಚಿತ್ರ ಬಿಡಿಸೋದು?"

ಬಾತಿಯವಳಿಗೆ ಅದು ಬೇಕಲ್ಲ ಎಂದೆ.

"ಪರೀಕ್ಷೆಯಾಗೆ ಯಾರೂ ನವಿಲು ಬಿಡಿಸಲ್ಲ ಮೇಷ್ಟ್ರೆ. ಹೂಂ ಅನ್ರಿ."

ಹೂಂ ಎಂದೆ.

ಎರಡನೆಯ ಪ್ರಯತ್ನ ಕೊನೆ ಮುಟ್ಟಿತು. ಆದರೆ ಪರೀಕ್ಷೆಗೆ ಬೇಕಾದ ಸಿ ಭಾಷೆಯ ಕ್ರಮವಿಧಿಯೇ ಓಡಲಿಲ್ಲ! ಯಾರಿಗೂ ಬೇಡವೆಂದು ನಾವು ತೆಗೆದಿದ್ದ ಒಂದು ಸಣ್ಣ ಪ್ಯಾಕೇಜು ಅದಕ್ಕೆ ಆಧಾರವಾಗಿತ್ತಂತೆ. ಮರಳಿ ಸೇರಿಸಿದೆವು, ಓಡಿತು. ನನ್ನ ಅಂಜಿಕೆ ಮಾತ್ರ ಆಗಲೇ ಇಮ್ಮಡಿಯಾಯಿತು. ತೆಗೆದವುಗಳಲ್ಲಿ ಇನ್ನಾವುದು ಇನ್ನಾವುದಕ್ಕೆ ಆಧಾರವಾಗಿತ್ತೋ, ಅದು ಪರೀಕ್ಷೆಯ ನಡುವೆಯೇ ತಿಳಿದುಬಂದರೆ...

ಉಳಿದ ಗಣಕಗಳ ಸರದಿ ಬಂದಾಗ ನಸೀಮಳ ಬೆರಳು ಕೀಲಿಯ ಮೇಲೆಯೇ ತಡೆದು ನಿಂತಿತು. "ಒತ್ಲಾ?" ಎಂದಳು. ಹೂಂ ಎಂದು ತಲೆಯಾಡಿಸಿದೆ. ನೀನು ಒಬ್ಬಳೇ ಇದನ್ನೆಲ್ಲ ಹೇಗೆ ನಿಭಾಯಿಸುತ್ತಿದ್ದೆ? ನಿನಗೂ ಹೆದರಿಕೆಯಾಗುತ್ತಿತ್ತೇ? ಒಮ್ಮೆಯಾದರೂ ನನ್ನೊಡನೆ ಹೇಳಿದ್ದರೆ...

ಇಂದು ಬೆಳಿಗ್ಗೆ ಮಂಡಳಿಯವರು ಬಂದು ಕೇಂದ್ರದ ಮುಖ್ಯಸ್ಥರು ಯಾರೆಂದು ಕೇಳಿದರು. ನಾನು ನಸೀಮಳನ್ನು ತೋರಿಸಿದೆ. ಅವರು ಅತ್ತ ಹೋದೊಡನೆ ಅವಳು ನನ್ನ ಮೇಲೆ ಹರಿಹಾಯ್ದಳು: "ನನ್ನ ಒಂದ್ಮಾತು ಕೇಳಬಾರ್ದಾ ಮೇಷ್ಟ್ರೆ? ಏನಾರ ಕೆಟ್ರೆ ನನ್ನನ್ನೇ ಹಿಡೀತಾರೆ ನೋಡ್ರಿ!" ಪರೀಕ್ಷೆ ಮುಗಿಯುವವರೆಗೂ ಮುಂಗೋಣೆಯಲ್ಲೇ ಇರುತ್ತೇನೆ ಎಂದೆ.

ಈಗಷ್ಟೇ ಬಾಗಿಲು ತೆರೆಯಿತು, ಮಂಗಳಾ. ಗಣಕಗಳೆಲ್ಲ ಕೊನೆಯವರೆಗೂ ನಡೆದವು. ನಸೀಮ್ ಗೋಡೆಗೊರಗಿ ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ. ಮುಂದಿನ ತಂಡ ಸೋಮವಾರ ಬರುತ್ತದೆ, ನಾನೂ ಬರುತ್ತೇನೆ. ಹೆದರಿಕೆ ಹೋಗಿಲ್ಲ. ಆದರೆ ಅದನ್ನು ಇನ್ನೊಬ್ಬ ಹೆಣ್ಣುಮಗಳು ಒಬ್ಬಳೇ ಹೊರಲೆಂದು ಬಿಟ್ಟು ನಾನು ಹರಿಹರದಲ್ಲಿ ಕುಳಿತಿರಲಾರೆ.

ನಿನ್ನ ಅಣ್ಣ