ನೋಡದೆ ಕೊಟ್ಟ ಟಿಪ್ಸ್

೯ ನವೆಂಬರ್, ಭಾನುವಾರ. ಮುನಿರ್ಕಾ, ದೆಹಲಿ.

ಸತ್ಪಾಲ್ ಭಯ್ಯಾರ ಮುಖ ಇನ್ನೂ ಕಣ್ಣ ಮುಂದೆಯೇ ಇದೆ.

ಕಾರು ಒಳಗೂ ಹೊರಗೂ ತೊಳೆಯಲು ಕ್ಲೀನಿಂಗ್ ಕಂಪನಿಯಿಂದ ಬಂದಿದ್ದರು, ನನಗಿಂತ ಹಿರಿಯರು. ಮೂರು ಗಂಟೆ ಕೆಲಸ ಮಾಡಿದರು. ಟಿಪ್ಸ್ ಎಷ್ಟು ಕೊಡುವುದೋ, ಕೊಟ್ಟರೆ ಏನೆಂದುಕೊಳ್ಳುತ್ತಾರೋ ಎಂಬ ಮುಜುಗರದಲ್ಲಿ ನೋಟು ಮಡಿಸಿ ಕೈಗೆ ತುರುಕಿ, "ಬಹುತ್ ಅಚ್ಛಾ ಭಯ್ಯಾ" ಎಂದು ಮೆಟ್ಟಿಲ ಕಡೆ ತಿರುಗಿಬಿಟ್ಟೆ. ಕಾರನ್ನು ನೋಡಿರಲೇ ಇಲ್ಲ.

"ಮೇಡಂಜೀ, ಪೆಹಲೇ ದೇಖ್ ತೋ ಲೀಜಿಯೇ" ಎಂದು ನೋಟನ್ನು ಬಾನೆಟ್ ಮೇಲಿಟ್ಟು ಬಾಗಿಲು ತೆರೆದರು.

ಮೊದಲು ನೋಡಬೇಕಂತೆ. ನೋಡಿದೆ. ವರ್ಷದ ಹಿಂದೆ ಚೆಲ್ಲಿದ ಸಾಂಬಾರಿನ ಕಲೆ ಮಾಯ! ಸೀಟಿನ ಹೊಲಿಗೆಯನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದರು. ಕಲೆ ಹೇಗೆ ಹೋಯಿತು ಎಂದು ಕೇಳಿದೆ. ಹತ್ತು ನಿಮಿಷ ವಿವರಿಸಿದರು. ಆಮೇಲೆ ನಗುತ್ತ ನೋಟು ಜೇಬಿಗಿಟ್ಟುಕೊಂಡರು.

ನನ್ನ ವಿದ್ಯಾರ್ಥಿನಿ ಸಿಂಧೂರ ತನ್ನ ಥೀಸಿಸ್‌ನ ಮೂರನೇ ಅಧ್ಯಾಯ ಕಳಿಸಿ ಎರಡು ವಾರವಾಯಿತು. ಮೊನ್ನೆ "ತುಂಬಾ ಚೆನ್ನಾಗಿದೆ" ಎಂದು ಮೆಸೇಜ್ ಹಾಕಿದೆ, ಫೈಲ್ ತೆರೆಯದೆಯೇ. ಎಂಥ ಮೇಷ್ಟ್ರು ನಾನು! ಪಾಪ, ಥ್ಯಾಂಕ್ಸ್ ಮ್ಯಾಮ್ ಎಂದಿದ್ದಳು.

ಈಗ ತೆರೆದಿದ್ದೇನೆ. ಎರಡನೇ ಪುಟದ ಒಂದು ಸಾಲನ್ನು ಮೂರು ಸಲ ಓದಿದೆ. ಇದು ಹೇಗೆ ಹೊಳೆಯಿತೇ ಹುಡುಗಿ ಎಂದು ಬೆಳಿಗ್ಗೆಯೇ ಕೇಳಬೇಕು. ಇನ್ನೂ ಮೂವತ್ತೆಂಟು ಪುಟಗಳಿವೆ, ಒಂದು ಟೀ ಮಾಡಿಕೊಂಡು ಬಂದು ಓದಲು ಕೂರುತ್ತೇನೆ.